ತ್ರಿವುಡೆಗೆ ಪಳಗಿದ ಕಿವಿ, ಟೋಕಿಯೊದ ಗಿಟಾರು

ಓದುಗರ ಪ್ರಶ್ನೆ – ಸಂಗೀತ ಅಂಕಣಕಾರರ ಉತ್ತರ

ಕಳೆದ ಸಂಚಿಕೆಯಲ್ಲಿ ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನಿನ ಬಗ್ಗೆ ಬಂದಿದ್ದ ಪ್ರಶ್ನೆಗೆ ಉತ್ತರಿಸುತ್ತ, ಅದೇ ವಾದ್ಯವನ್ನು ಮುಂದಿಟ್ಟುಕೊಂಡು ಹೆಸರು ಮಾಡಿದ ಟಿ-ಸ್ಕ್ವೇರ್ ಎಂಬ ಜಪಾನಿನ ಫ್ಯೂಶನ್ ತಂಡವನ್ನು ಒಂದೇ ಸಾಲಿನಲ್ಲಿ ಪ್ರಸ್ತಾಪಿಸಿದ್ದೆ. ಉತ್ತರದ ಉಳಿದ ಭಾಗಕ್ಕಿಂತ ಆ ಒಂದು ಸಾಲಿಗೇ ಹೆಚ್ಚು ಪತ್ರಗಳು ಬಂದಿವೆ. ಹೀಗಾಗಿ ಈ ಸಲದ ಪುಟವನ್ನು ಪೂರ್ತಿಯಾಗಿ ಜಪಾನಿನ ಪ್ರೋಗ್ರೆಸಿವ್ ರಾಕ್ ಮತ್ತು ಫ್ಯೂಶನ್ ಸಂಗೀತಕ್ಕೆ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ಪರೀಕ್ಷೆಗೆ ಓದುವಾಗ ಹಿನ್ನೆಲೆಗೆ ಏನಾದರೂ ಇರಲಿ ಎಂದು ಯೂಟ್ಯೂಬ್ ಹಾಕಿಟ್ಟಿದ್ದೆ. ಒಂದು ಮುಗಿದ ಮೇಲೆ ತಾನಾಗಿಯೇ ಕ್ಯಾಸಿಯೋಪಿಯಾ ಎಂಬ ತಂಡದ ‘ಮಿಂಟ್ ಜಾಮ್ಸ್’ ಶುರುವಾಯಿತು. ನನ್ನ ಓದು ಅಲ್ಲಿಗೇ ನಿಂತಿತು. ಇನ್ನಷ್ಟು ಹುಡುಕಿದರೆ ‘ಕೇಳಲೇಬೇಕಾದ ನೂರು ಆಲ್ಬಮ್‌ಗಳು’ ಎಂಬಂಥ ಪಟ್ಟಿಗಳು ಎದುರಾಗುತ್ತವೆ. ಪ್ರೋಗ್ರೆಸಿವ್ ರಾಕ್ ಯಾವುದು, ಫ್ಯೂಶನ್ ಯಾವುದು ಎಂಬುದೂ ತಿಳಿಯುತ್ತಿಲ್ಲ. ನಾನು ಎಲ್ಲಿಂದ ಆರಂಭಿಸಬೇಕು?
– ಇಂಜಿನಿಯರಿಂಗ್ ವಿದ್ಯಾರ್ಥಿನಿ, ಮಣಿಪಾಲ

ಉತ್ತರ: ನೀವು ಆರಂಭಿಸಿ ಆಗಿದೆ, ಹಿಡಿದದ್ದನ್ನು ಬಿಡದಿದ್ದರೆ ಸಾಕು. ಪಟ್ಟಿ ಹಿಡಿದು ದಿನಕ್ಕೊಂದರಂತೆ ಆಲ್ಬಮ್ ಮುಗಿಸುವವರಿಗೆ ನೂರು ಹೆಸರುಗಳು ಬಾಯಿಪಾಠವಾಗುತ್ತವೆ, ಒಂದು ಧಾಟಿಯೂ ನಾಲಿಗೆಗೆ ಹತ್ತುವುದಿಲ್ಲ. ‘ಮಿಂಟ್ ಜಾಮ್ಸ್’ನಲ್ಲಿ ಇರುವುದು ಏಳೇ ರಚನೆಗಳು. ಒಂದು ತಿಂಗಳು ಅದನ್ನೇ ಕೇಳಿ.

1982ರ ಫೆಬ್ರುವರಿಯಲ್ಲಿ ಟೋಕಿಯೊದ ಸಭಾಂಗಣವೊಂದರಲ್ಲಿ ಪ್ರೇಕ್ಷಕರ ಮುಂದೆ ನುಡಿಸಿದ್ದನ್ನು ಮುದ್ರಿಸಿಕೊಂಡು, ಚಪ್ಪಾಳೆ ಕೂಗಾಟಗಳನ್ನು ಬಹುಮಟ್ಟಿಗೆ ತೆಗೆದು ಹೊರತಂದ ಆಲ್ಬಮ್ ಅದು. ಆದ್ದರಿಂದಲೇ ಸ್ಟುಡಿಯೊದ ಅಚ್ಚುಕಟ್ಟೂ ಕಛೇರಿಯ ಬಿಸಿಯೂ ಅದರಲ್ಲಿ ಒಟ್ಟಿಗೆ ಸಿಗುತ್ತವೆ. ನುಡಿಸುವವರು ನಾಲ್ಕೇ ಮಂದಿ: ಗಿಟಾರಿನಲ್ಲಿ ಇಸ್ಸೇ ನೊರೊ, ಕೀಬೋರ್ಡಿನಲ್ಲಿ ಮಿನೊರು ಮುಕಾಯಾ, ಬೇಸ್ ಗಿಟಾರಿನಲ್ಲಿ ತೆತ್ಸುವೊ ಸಕುರಾಯ್, ಡ್ರಮ್ಸ್‌ನಲ್ಲಿ ಅಕಿರಾ ಜಿಂಬೊ. ಎರಡನೆಯ ರಚನೆ ‘ಅಸಾಯಾಕೆ’, ಅಂದರೆ ಮುಂಜಾವಿನ ಬಾನಿನ ಕೆಂಪು. ಅದರ ಆರಂಭದಲ್ಲಿ ಗಿಟಾರಿನ ಸ್ವರಗಳಿಗಿಂತ ಮೊದಲು ಬಲಗೈಯ ಓಟವನ್ನು ಗಮನಿಸಬೇಕು. ಎಡಗೈ ತಂತಿಗಳನ್ನು ಅರೆಬರೆ ಅದುಮಿ ಹಿಡಿದಿರುತ್ತದೆ, ಬಲಗೈ ಒಂದೇ ವೇಗದಲ್ಲಿ ಮೇಲೆ ಕೆಳಗೆ ಓಡುತ್ತಿರುತ್ತದೆ, ಎಲ್ಲಿ ಅದುಮು ಸಡಿಲವಾಗುತ್ತದೆಯೋ ಅಲ್ಲಿ ಮಾತ್ರ ಸ್ವರ ಚಿಮ್ಮುತ್ತದೆ. ಹೆರೆಮಣೆಯ ಮೇಲೆ ಕಾಯಿ ಹೆರೆಯುವ ಪಳಗಿದ ಕೈಗೆ ಇಂಥದೇ ಲಯವಿರುತ್ತದೆ. ಕೈ ನಿಲ್ಲುವುದಿಲ್ಲ, ಸದ್ದು ಮಾತ್ರ ಒಮ್ಮೆ ಗಟ್ಟಿ, ಒಮ್ಮೆ ಮೆಲು. ಮೊದಲ ವಾರ ಇದನ್ನಷ್ಟೇ ಕೇಳಿ. ಎರಡನೆಯ ವಾರ ಬೇಸ್ ಗಿಟಾರನ್ನು ಮಾತ್ರ ಹಿಂಬಾಲಿಸಿ. ‘ಡಾಮಿನೊ ಲೈನ್’ನಲ್ಲಿ ಅದು ಎಲ್ಲರನ್ನೂ ಬದಿಗೆ ಸರಿಸಿ ಒಂಟಿಯಾಗಿ ನುಡಿಯುವ ಭಾಗವಿದೆ. ನಾಲ್ಕು ವಾರಕ್ಕೆ ನಾಲ್ಕು ವಾದ್ಯ ಮುಗಿಯುವಾಗ ಇದು ನೀವು ಮೊದಲು ಕೇಳಿದ ಆಲ್ಬಮ್ಮೇ ಅಲ್ಲ ಅನ್ನಿಸಬಹುದು.

ಇನ್ನು ಪ್ರೋಗ್ರೆಸಿವ್ ರಾಕ್ ಮತ್ತು ಫ್ಯೂಶನ್‌ಗಳ ವ್ಯತ್ಯಾಸ. 1960ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಕೆಲವು ರಾಕ್ ತಂಡಗಳು ಮೂರು ನಿಮಿಷದ ಹಾಡನ್ನು ಬಿಟ್ಟು, ಹಲವು ಖಂಡಗಳುಳ್ಳ ದೀರ್ಘ ರಚನೆಗಳತ್ತ ಹೊರಳಿದವು. 1969ರಲ್ಲಿ ಬಂದ ಕಿಂಗ್ ಕ್ರಿಮ್ಸನ್ ತಂಡದ ಮೊದಲ ಆಲ್ಬಮ್ ಅದಕ್ಕೆ ದೊಡ್ಡ ನಿದರ್ಶನ. ಅದು ಪ್ರೋಗ್ರೆಸಿವ್ ರಾಕ್. ಅದೇ ಹೊತ್ತಿಗೆ ಅಮೆರಿಕದ ಜ್ಯಾಝ್ ಸಂಗೀತಗಾರರು ವಿದ್ಯುತ್ ವಾದ್ಯಗಳನ್ನೂ ರಾಕ್‌ನ ತಾಳವನ್ನೂ ಒಳಗೆ ಕರೆದುಕೊಂಡರು, ಅದು ಫ್ಯೂಶನ್. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಮೊದಲನೆಯದು ರಂಗಗಳನ್ನು ಜೋಡಿಸಿ ಕಟ್ಟಿದ ಯಕ್ಷಗಾನ ಪ್ರಸಂಗದಂತೆ, ಎರಡನೆಯದು ಮನೋಧರ್ಮಕ್ಕೆ, ಅಂದರೆ ವೇದಿಕೆಯಲ್ಲೇ ಹೊಸದಾಗಿ ಬೆಳೆಸುವುದಕ್ಕೆ, ಎಡೆಯಿರುವ ಕಛೇರಿಯಂತೆ. ಈ ಹೋಲಿಕೆಯನ್ನು ಹೆಚ್ಚು ಎಳೆಯಬಾರದು, ಏಕೆಂದರೆ ಜಪಾನಿನಲ್ಲಿ ಇವೆರಡರ ನಡುವಿನ ಬೇಲಿ ಬಹಳ ತಗ್ಗಿನದು ಮತ್ತು ಕಲಾವಿದರು ಅದನ್ನು ದಿನವೂ ದಾಟುತ್ತಿದ್ದರು.

ನಿಮ್ಮ ಮುಂದಿನ ದಾರಿಯೂ ಅಲ್ಲೇ ಇದೆ. ಪಟ್ಟಿಯ ಬದಲು ಮನುಷ್ಯರನ್ನು ಹಿಂಬಾಲಿಸಿ. ಯೊನಿನ್ ಬಯಾಶಿ ಎಂಬ ಪ್ರೋಗ್ರೆಸಿವ್ ತಂಡ 1974ರಲ್ಲಿ ‘ಇಶ್ಶೊಕು ಸೊಕುಹತ್ಸು’ ಎಂಬ ಆಲ್ಬಮ್ ತಂದಿತು. ತುಸು ತಾಗಿದರೂ ಸಿಡಿಯುವ ಸ್ಥಿತಿ ಎಂಬುದು ಆ ಹೆಸರಿನ ಅರ್ಥ. ಅದರ ಗಿಟಾರ್ ವಾದಕ ಕತ್ಸುತೊಶಿ ಮೊರಿಝೊನೊ ಆ ತಂಡವನ್ನು ಬಿಟ್ಟ ಮೇಲೆ ಪ್ರಿಸಂ ಎಂಬ ಫ್ಯೂಶನ್ ತಂಡದ 1977ರ ಮೊದಲ ಆಲ್ಬಮ್‌ನಲ್ಲಿ ಕಾಣಿಸಿಕೊಳ್ಳುತ್ತಾರೆ. ಸ್ಯಾಡಿಸ್ಟಿಕ್ ಮಿಕಾ ಬ್ಯಾಂಡ್‌ನಲ್ಲಿ ಗಿಟಾರ್ ನುಡಿಸುತ್ತಿದ್ದ ಮಸಾಯೊಶಿ ತಕಾನಾಕಾ ಮುಂದೆ ಫ್ಯೂಶನ್‌ನ ದೊಡ್ಡ ಹೆಸರಾದರು; ಅದೇ ತಂಡದ ಡ್ರಮ್ಸ್ ವಾದಕ ಯುಕಿಹಿರೊ ತಕಾಹಾಶಿ 1978ರಲ್ಲಿ ಹರುಓಮಿ ಹೊಸೊನೊ ಮತ್ತು ರ್ಯೂಇಚಿ ಸಕಾಮೊತೊ ಅವರೊಂದಿಗೆ ಯೆಲ್ಲೊ ಮ್ಯಾಜಿಕ್ ಆರ್ಕೆಸ್ಟ್ರಾ ಕಟ್ಟಿದರು. ಫಾರ್ ಈಸ್ಟ್ ಫ್ಯಾಮಿಲಿ ಬ್ಯಾಂಡ್ ಎಂಬ ಪ್ರೋಗ್ರೆಸಿವ್ ತಂಡದಲ್ಲಿ ಕೀಬೋರ್ಡ್ ಹಿಡಿದಿದ್ದ ತರುಣನೇ ಮುಂದೆ ಕಿತಾರೊ ಎಂಬ ಹೆಸರಿನಲ್ಲಿ, ರೇಷ್ಮೆ ದಾರಿಯ ಕುರಿತ ಜಪಾನಿನ ದೂರದರ್ಶನ ಸರಣಿಗೆ ಸಂಗೀತ ಕೊಟ್ಟು ಲೋಕಪ್ರಸಿದ್ಧರಾದವರು. ನಿಮ್ಮ ಕ್ಯಾಸಿಯೋಪಿಯಾದ ಮುಕಾಯಾ ಅವರಂತೂ ರೈಲಿನ ಹುಚ್ಚಿನವರು: ರೈಲು ಓಡಿಸುವ ಗಣಕ ಆಟಗಳನ್ನು ರೂಪಿಸಿದರು, ರೈಲು ಹೊರಡುವ ಮುನ್ನ ನಿಲ್ದಾಣಗಳಲ್ಲಿ ಮೊಳಗುವ ಪುಟ್ಟ ಪುಟ್ಟ ರಾಗಗಳನ್ನು ಬಹುಸಂಖ್ಯೆಯಲ್ಲಿ ರಚಿಸಿದರು. ನಮ್ಮ ಮಂಗಳೂರು ಸೆಂಟ್ರಲ್ ನಿಲ್ದಾಣದಲ್ಲಿ ಪ್ರಕಟಣೆಗೆ ಮೊದಲು ಬರುವ ಸದ್ದು ಕೇಳಿದಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

ಪ್ರಶ್ನೆ: ನಾನು ಬಡಗುತಿಟ್ಟು ಯಕ್ಷಗಾನದ ಮದ್ದಲೆ ಅಭ್ಯಾಸ ಮಾಡುತ್ತಿದ್ದೇನೆ. ಗೆಳೆಯನೊಬ್ಬ ಜಪಾನಿನ ಪ್ರೋಗ್ರೆಸಿವ್ ರಾಕ್ ಕೇಳಿಸಿ, “ಇದರ ಲೆಕ್ಕ ಹಿಡಿಯುವುದು ಕಷ್ಟ” ಎಂದ. ನನಗೆ ಮೊದಲ ಭಾಗದಲ್ಲಿ ತ್ರಿವುಡೆ ತಾಳ ಸ್ಪಷ್ಟವಾಗಿ ಕೇಳಿಸಿತು, ನಂತರ ಕೈ ತಪ್ಪಿತು. ನಾನು ಕೇಳಿಸಿಕೊಂಡದ್ದು ಸರಿಯೇ?
– ಯಕ್ಷಗಾನ ವಿದ್ಯಾರ್ಥಿ, ಕೋಟ

ಉತ್ತರ: ಸರಿಯಾಗಿಯೇ ಕೇಳಿಸಿಕೊಂಡಿದ್ದೀರಿ, ಕೈ ತಪ್ಪಿದ್ದೂ ಸಹಜ. ನಾಲ್ಕರ ಎಣಿಕೆಯ ಹಾಡುಗಳನ್ನೇ ಕೇಳಿ ಬೆಳೆದವರಿಗೆ ಏಳರ ಎಣಿಕೆ ಕುಂಟಿದಂತೆ ಕೇಳಿಸುತ್ತದೆ. ಪಾಶ್ಚಾತ್ಯರ ಬರಹಗಳಲ್ಲಿ ಐದು, ಏಳು, ಹನ್ನೊಂದರ ಅಳತೆಗಳ ಬಗ್ಗೆ ಅಷ್ಟೊಂದು ಬೆರಗು ಇರುವುದು ಅದಕ್ಕೆ. ಏಳಕ್ಷರದ ತ್ರಿವುಡೆ, ಹತ್ತರ ಝಂಪೆ, ಹದಿನಾಲ್ಕರ ಅಷ್ಟತಾಳ ಇವೆಲ್ಲ ನಮ್ಮ ಚೌಕಿಯ, ಅಂದರೆ ಬಣ್ಣದ ಮನೆಯ, ಮಕ್ಕಳಿಗೂ ಗೊತ್ತಿರುವ ಸಂಗತಿಗಳು. ಹೀಗಾಗಿ ಈ ಸಂಗೀತದ ಬಾಗಿಲಲ್ಲಿ ಬೇರೆಯವರು ಎಡವುವ ಹೊಸ್ತಿಲು ನಿಮಗೆ ಇಲ್ಲವೇ ಇಲ್ಲ.

ಕೈ ತಪ್ಪುವುದು ಎರಡನೆಯ ಹಂತದಲ್ಲಿ. ನಮ್ಮಲ್ಲಿ ಒಂದು ಪದ್ಯ ತ್ರಿವುಡೆಯಲ್ಲಿ ಎತ್ತಿಕೊಂಡರೆ ಮುಕ್ತಾಯದವರೆಗೂ ತ್ರಿವುಡೆಯೇ; ನಡುವೆ ಬಿಡ್ತಿಗೆಯಲ್ಲಿ, ಅಂದರೆ ಹಾಡು ನಿಂತು ವಾದ್ಯವಷ್ಟೇ ಮೊಳಗುವಲ್ಲಿ, ಚೆಂಡೆ ಎಷ್ಟೇ ದೂರ ಹೋದರೂ ಆವರ್ತ ಮುರಿಯುವುದಿಲ್ಲ, ಜಾಗಟೆ ಕಾಯುತ್ತಿರುತ್ತದೆ. ಪ್ರೋಗ್ರೆಸಿವ್ ರಾಕ್‌ನಲ್ಲಿ ಆ ಕಾವಲು ಇಲ್ಲ. ಏಳರ ಎರಡು ಸುತ್ತು, ಆರರ ಒಂದು, ಮತ್ತೆ ಏಳು, ಕೊನೆಗೊಂದು ಐದು ಎಂಬಂತೆ ಅಳತೆಯೇ ಸಾಲಿನಿಂದ ಸಾಲಿಗೆ ಬದಲಾಗಬಹುದು, ಏಕೆಂದರೆ ಅಲ್ಲಿ ಮೊದಲು ಹುಟ್ಟುವುದು ರಾಗದ ಸಾಲು. ಲೆಕ್ಕ ಅದರ ಉದ್ದಕ್ಕೆ ತಕ್ಕಂತೆ ಬೀಳುತ್ತದೆ. ಆದ್ದರಿಂದ ಕೈಯಲ್ಲಿ ತಾಳ ಹಾಕಿ ಹಿಡಿಯಲು ಹೋಗಬೇಡಿ. ರಾಗದ ಸಾಲನ್ನು ಬಾಯಲ್ಲಿ ಹೇಳಿಕೊಳ್ಳುವಷ್ಟು ಸಲ ಕೇಳಿ, ಆಮೇಲೆ ಎಣಿಸಿ.

ನಿಮಗೆ ಎರಡು ತಂಡಗಳನ್ನು ಹೇಳಬಯಸುತ್ತೇನೆ. ಒಂದು ಕೆನ್ಸೊ. 1974ರಲ್ಲಿ ಪ್ರೌಢಶಾಲೆಯ ಹುಡುಗರು ಸೇರಿ ಕಟ್ಟಿಕೊಂಡು, ತಮ್ಮ ಶಾಲೆಯ ಹೆಸರಿನ ಸಂಕ್ಷಿಪ್ತ ರೂಪವನ್ನೇ ಇಟ್ಟುಕೊಂಡ ತಂಡ ಇದು. ಇದರ ನಾಯಕ, ಗಿಟಾರ್ ವಾದಕ ಯೊಶಿಹಿಸಾ ಶಿಮಿಝು ವೃತ್ತಿಯಿಂದ ದಂತವೈದ್ಯರು. ಹಗಲು ಅಂಗಡಿಯಲ್ಲೋ ಶಾಲೆಯಲ್ಲೋ ದುಡಿದು ರಾತ್ರಿ ವೇಷ ಕಟ್ಟುವ ನಮ್ಮ ಹವ್ಯಾಸಿ ಕಲಾವಿದರಿಗೆ ಅವರನ್ನು ಅರ್ಥ ಮಾಡಿಕೊಳ್ಳಲು ವಿವರಣೆ ಬೇಕಾಗದು. 1985ರ ಮೂರನೆಯ ಆಲ್ಬಮ್‌ನಿಂದ ಆರಂಭಿಸಬಹುದು. ಲೆಕ್ಕ ಜಟಿಲವಾಗಿದ್ದರೂ ರಾಗ ಎಲ್ಲಿಯೂ ಒಣಗುವುದಿಲ್ಲ. ಇನ್ನೊಂದು ರೂಯಿನ್ಸ್, ತತ್ಸುಯಾ ಯೊಶಿದಾ ಎಂಬ ಡ್ರಮ್ಸ್ ವಾದಕರು 1985ರಲ್ಲಿ ಆರಂಭಿಸಿದ್ದು. ಹೆಚ್ಚಿನ ಕಾಲವೂ ಇದರಲ್ಲಿದ್ದದ್ದು ಡ್ರಮ್ಸ್ ಮತ್ತು ಬೇಸ್ ಗಿಟಾರ್ ಎರಡೇ. ಚೆಂಡೆ ಮದ್ದಲೆಗಳು ಎದುರುಬದುರಾಗಿ ನಿಂತಾಗ ಉಳಿದ ವಾದ್ಯಗಳ ಕೊರತೆ ಕಾಣದ ಹಾಗೆ ಇಲ್ಲಿಯೂ ಕಾಣದು. ಆದರೆ ಇದು ಒರಟು ಸಂಗೀತ, ಮನೆಮಂದಿ ಮಲಗಿರುವಾಗ ಹಾಕಬೇಡಿ.

ಅಂದ ಹಾಗೆ, ಮೇಲೆ ಹೇಳಿದ ಯೊನಿನ್ ಬಯಾಶಿಯ ಹೆಸರಿನಲ್ಲಿ ನಿಮಗೆ ಹತ್ತಿರದ ಒಂದು ಮಾತಿದೆ. ನೋಹ್ ಎಂಬ ಜಪಾನಿನ ಹಳೆಯ ರಂಗಕಲೆಯ ವಾದ್ಯಮೇಳಕ್ಕೆ ‘ಹಯಾಶಿ’ ಎನ್ನುತ್ತಾರೆ. ಒಂದು ಕೊಳಲು, ಕೈಯಲ್ಲಿ ಬಾರಿಸುವ ಎರಡು ಚರ್ಮವಾದ್ಯ, ಕೋಲಿನಲ್ಲಿ ಬಾರಿಸುವ ಒಂದು, ಹೀಗೆ ನಾಲ್ಕು. ವಾದಕರು ಬಾರಿಸುತ್ತಲೇ ಗಂಟಲೆತ್ತಿ ಕೂಗನ್ನೂ ಹಾಕುತ್ತಾರೆ. ಯೊನಿನ್ ಬಯಾಶಿ ಎಂದರೆ ನಾಲ್ವರ ಹಯಾಶಿ, ಅಂದರೆ ನಾಲ್ವರ ಹಿಮ್ಮೇಳ. ವಿದ್ಯುತ್ ಗಿಟಾರು ಹಿಡಿದ ಹುಡುಗರು ತಮಗಿಟ್ಟುಕೊಂಡ ಹೆಸರು ಇದು.

ಪ್ರಶ್ನೆ: ಪತ್ರಿಕೆಯಲ್ಲಿ ಓದಿದ ಮೇಲೆ ಮೊಮ್ಮಗನ ಸಹಾಯದಿಂದ ಕೆಲವನ್ನು ಕೇಳಿದೆ. ಚೆನ್ನಾಗಿಯೇ ಇವೆ. ಆದರೆ ಇದು ಪಶ್ಚಿಮದವರ ಅನುಕರಣೆಯಲ್ಲದೆ ಮತ್ತೇನು? ಇದರಲ್ಲಿ ಜಪಾನಿನದು ಎಂಬುದು ಎಲ್ಲಿದೆ?
– ನಿವೃತ್ತ ಬ್ಯಾಂಕ್ ಅಧಿಕಾರಿ, ಉಡುಪಿ

ಉತ್ತರ: ಅನುಕರಣೆ ಇತ್ತು ಎಂಬುದನ್ನು ಮೊದಲು ಒಪ್ಪಿಕೊಳ್ಳುತ್ತೇನೆ. 1971ರ ಆಗಸ್ಟ್‌ನಲ್ಲಿ ಪಿಂಕ್ ಫ್ಲಾಯ್ಡ್ ತಂಡ ಹಕೊನೆ ಎಂಬ ಬೆಟ್ಟದ ಊರಿನ ಬಯಲಿನಲ್ಲಿ ನುಡಿಸಿತು. ಆಮೇಲಿನ ಕೆಲವು ವರ್ಷಗಳ ಜಪಾನಿ ಆಲ್ಬಮ್‌ಗಳಲ್ಲಿ ಅದರ ನೆರಳು ಎದ್ದು ಕಾಣುತ್ತದೆ. ಬಿ ಕ್ಯೊ ರಾನ್ ಎಂಬ ತಂಡದ 1982ರ ಆಲ್ಬಮನ್ನು ಕೇಳಿದರೆ ಕಿಂಗ್ ಕ್ರಿಮ್ಸನ್ ಬಲ್ಲವರು ಮುಗುಳ್ನಗದಿರಲಾರರು. ಆದರೆ ಅನುಕರಣೆಯಿಂದ ಆರಂಭವಾಗದ ಕಲೆ ಯಾವುದಿದೆ? ನಮ್ಮ ಭಾಗವತರ ಪಕ್ಕದಲ್ಲಿ ಶ್ರುತಿ ಹಿಡಿಯುವ ಹಾರ್ಮೋನಿಯಂ ಯುರೋಪಿನಿಂದ ಬಂದದ್ದು, ಪಿಟೀಲೂ ಅಲ್ಲಿಂದಲೇ ಬಂದದ್ದು. ಅವು ನಮ್ಮವಲ್ಲ ಎಂದು ಇಂದು ಹೇಳಿದರೆ ಕೇಳಿದವರು ಜಗಳಕ್ಕೆ ಬಂದಾರು.

ಜಪಾನಿನದು ಎಂದರೆ ಬಹಳ ಜನ ಅಲ್ಲಿನ ಹಳೆಯ ಸ್ವರಶ್ರೇಣಿಗಳನ್ನೋ ಕೊತೊ ಎಂಬ ತಂತಿವಾದ್ಯವನ್ನೋ ಹುಡುಕುತ್ತಾರೆ. ಅವು ಅಲ್ಲಲ್ಲಿ ಇವೆ. ‘ಯೊ’ ಎಂಬ ಐದು ಸ್ವರಗಳ ಶ್ರೇಣಿಯು ನಮ್ಮ ಶುದ್ಧ ಸಾವೇರಿಯ ಸ್ವರಗಳನ್ನೇ ಹೊಂದಿದೆ. ‘ಮಿಯಾಕೊ ಬುಶಿ’ ಎಂಬುದು ಹಿಂದುಸ್ತಾನಿಯ ಗುಣಕ್ರಿಯ ಸ್ವರಗಳಿಗೆ ಹೊಂದುತ್ತದೆ. ಆದ್ದರಿಂದಲೇ ಜಪಾನಿ ಜಾನಪದ ಧಾಟಿಯೊಂದು ಕಿವಿಗೆ ಬಿದ್ದಾಗ ಎಲ್ಲೋ ಕೇಳಿದ್ದೇವೆ ಎಂಬ ಭ್ರಮೆ ನಮಗಾಗುತ್ತದೆ. ಆದರೆ ನನ್ನ ಅಭಿಪ್ರಾಯವನ್ನು ಕೇಳಿದರೆ, ಗಿಟಾರುಗಳ ನಡುವೆ ಅಲಂಕಾರಕ್ಕೆಂದು ಕೊತೊ ತಂದಿಟ್ಟ ರಚನೆಗಳೇ ಅವರಲ್ಲಿ ತೀರ ಸಪ್ಪೆಯಾದವು. ಪ್ರವಾಸಿಗರಿಗೆಂದು ಹೋಟೆಲಿನ ಅಂಗಳದಲ್ಲಿ ಹತ್ತು ನಿಮಿಷ ಕುಣಿಸುವ ಯಕ್ಷಗಾನದ ಹಾಗೆ.

ನಿಜವಾದ ಜಪಾನೀತನ ನನಗೆ ಕಾಣುವುದು ಬೇರೆ ಎರಡು ಕಡೆ. ಒಂದು, ಕಥೆಯಲ್ಲಿ. ಸ್ಯಾಡಿಸ್ಟಿಕ್ ಮಿಕಾ ಬ್ಯಾಂಡ್‌ನ 1974ರ ‘ಕುರೊಫುನೆ’ ಎಂದರೆ ಕಪ್ಪು ಹಡಗು. 1853ರಲ್ಲಿ ಅಮೆರಿಕದ ನೌಕಾದಳದ ಹಡಗುಗಳು ಬಂದು ನಿಂತು, ಎರಡು ಶತಮಾನಕ್ಕೂ ಹೆಚ್ಚು ಕಾಲ ಹೊರಗಿನವರಿಗೆ ಬಹುತೇಕ ಮುಚ್ಚಿದ್ದ ಜಪಾನಿನ ಬಾಗಿಲನ್ನು ತೆರೆಯಿಸಿದ ಪ್ರಸಂಗ ಅದರ ವಸ್ತು. ಹೊರಗಿನಿಂದ ಬಂದ ಸಂಗೀತವನ್ನೇ ನುಡಿಸುತ್ತ, ಹೊರಗಿನಿಂದ ಬಂದ ಹಡಗನ್ನೇ ಕುರಿತು ಹಾಡಿದ ಆ ಆಲ್ಬಮನ್ನು ನಿರ್ಮಿಸಿಕೊಡಲು ಕ್ರಿಸ್ ಥಾಮಸ್ ಎಂಬ ಆಂಗ್ಲರನ್ನು ಅವರು ಕರೆಸಿಕೊಂಡಿದ್ದರು. ಮರುವರ್ಷ ತಂಡ ಬ್ರಿಟನ್ನಿಗೇ ಹೋಗಿ ನುಡಿಸಿ ಬಂತು. ಅನುಕರಣೆಯ ಆರೋಪವನ್ನು ಇದಕ್ಕಿಂತ ಜಾಣತನದಿಂದ ಎದುರಿಸಿದ ಇನ್ನೊಂದು ತಂಡ ನನಗೆ ನೆನಪಾಗುತ್ತಿಲ್ಲ.

ಇನ್ನೊಂದು, ಕಟ್ಟುವಿಕೆಯಲ್ಲಿ. ಅಮೆರಿಕದ ಫ್ಯೂಶನ್‌ನಲ್ಲಿ ಮೂಲರಾಗವನ್ನು ಒಮ್ಮೆ ನುಡಿಸಿ ಬದಿಗಿಟ್ಟು, ಒಬ್ಬೊಬ್ಬರಾಗಿ ಉದ್ದಕ್ಕೆ ಬೆಳೆಸುವುದು ವಾಡಿಕೆ. ಕ್ಯಾಸಿಯೋಪಿಯಾ, ಟಿ-ಸ್ಕ್ವೇರ್ ಮುಂತಾದವರಲ್ಲಿ ಮೂಲರಾಗವೇ ಮನೆಯೊಡೆಯ. ಹಾಡಿಕೊಳ್ಳಬಹುದಾದ ಪಲ್ಲವಿ, ಅದಕ್ಕೆ ತಕ್ಕ ಚರಣ, ನಡುವೆ ಅಳತೆಯಾದ ಏಕವಾದನ, ಮತ್ತೆ ಪಲ್ಲವಿ. ಜ್ಯಾಝ್‌ನ ಕಟ್ಟಾ ರಸಿಕರು ಇದನ್ನು ಹಗುರವೆಂದು ತಳ್ಳಿಹಾಕುವುದುಂಟು. ನಾನು ಒಪ್ಪುವುದಿಲ್ಲ. ಚಿಕ್ಕ ಜಾಗದಲ್ಲಿ ತುಂಬುವುದು ದೊಡ್ಡ ಬಯಲಿನಲ್ಲಿ ಓಡುವುದಕ್ಕಿಂತ ಸುಲಭವಲ್ಲ.

ಇದು ಅಲ್ಲಿ ಏಕೆ ಇಷ್ಟು ಬೆಳೆಯಿತು ಎಂದರೆ ಕಾರಣಗಳು ಕಣ್ಣೆದುರಿಗೇ ಇವೆ. ಯಮಾಹಾ, ರೋಲ್ಯಾಂಡ್, ಕೋರ್ಗ್ ಮೊದಲಾದ ವಾದ್ಯ ತಯಾರಕರು ಮನೆಯ ಪಕ್ಕದಲ್ಲೇ ಇದ್ದರು. ಯಮಾಹಾ ನಡೆಸುತ್ತಿದ್ದ ಹವ್ಯಾಸಿ ತಂಡಗಳ ಸ್ಪರ್ಧೆಯಲ್ಲಿಯೇ ಕ್ಯಾಸಿಯೋಪಿಯಾ ಬೆಳಕಿಗೆ ಬಂತು. ಟಿ-ಸ್ಕ್ವೇರ್ ಹುಟ್ಟಿದ್ದು ಟೋಕಿಯೊದ ಮೇಯಿಜಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ನಡುವೆ. ಎರಡೂ ತಂಡಗಳು 1976ರವು, ನಮ್ಮ ಮಂಗಳೂರು ಆಕಾಶವಾಣಿಯ ಸಮವಯಸ್ಕರು. ಇದಲ್ಲದೆ ‘ಜ್ಯಾಝ್ ಕಿಸ್ಸಾ’ ಎಂಬ ಕಾಫಿ ಅಂಗಡಿಗಳಿದ್ದವು, ಈಗಲೂ ಕೆಲವು ಇವೆ. ಒಂದು ಲೋಟ ಕಾಫಿ ತೆಗೆದುಕೊಂಡು, ಉತ್ತಮ ಸ್ಪೀಕರುಗಳ ಮುಂದೆ ಮಾತಿಲ್ಲದೆ ಕುಳಿತು, ಮಾಲೀಕರು ಹಾಕಿದ ಗ್ರಾಮಫೋನ್ ತಟ್ಟೆಗಳನ್ನು ತಾಸುಗಟ್ಟಲೆ ಕೇಳಬಹುದಾದ ಜಾಗಗಳು. ಕಾಫಿಗೆ ಹೆಸರಾದ ನಮ್ಮೂರಿನಲ್ಲಿ ಲೋಟ ಖಾಲಿಯಾದ ಐದು ನಿಮಿಷಕ್ಕೆ ಮೇಜು ಒರೆಸಲು ಬಂದುಬಿಡುತ್ತಾರೆ.

ಪ್ರಶ್ನೆ: ಭಾಷೆ ತಿಳಿಯದೆ ಈ ಹಾಡುಗಳನ್ನು ಸವಿಯಲು ಸಾಧ್ಯವೇ?
– ಗೃಹಿಣಿ, ಕಾರ್ಕಳ

ಉತ್ತರ: ಫ್ಯೂಶನ್‌ನಲ್ಲಿ ಬಹುಪಾಲು ಹಾಡೇ ಇಲ್ಲ, ಬರಿಯ ವಾದ್ಯ. ಪ್ರೋಗ್ರೆಸಿವ್ ತಂಡಗಳಲ್ಲಿ ಜಪಾನಿ ಸಾಹಿತ್ಯ ಉಂಟು, ಆದರೂ ವಾದ್ಯಕ್ಕೇ ಹೆಚ್ಚು ಜಾಗ. ಕೋಟದ ವಿದ್ಯಾರ್ಥಿಗೆ ಹೇಳಿದ ಯೊಶಿದಾ ಅವರ ತಂಡಗಳಲ್ಲಿ, ವಿಶೇಷವಾಗಿ ಕೋಯೆಂಜಿ ಹ್ಯಾಕ್ಕೇ ಎಂಬುದರಲ್ಲಿ, ಹಾಡುವುದು ಜಪಾನಿಯಲ್ಲ; ಯಾವ ದೇಶದ್ದೂ ಅಲ್ಲದ, ಅವರೇ ಕಲ್ಪಿಸಿಕೊಂಡ ಮಾತುಗಳಲ್ಲಿ. ಅಲ್ಲಿ ಜಪಾನಿನವರಿಗೂ ನಮಗೂ ತಿಳಿಯುವುದು ಒಂದೇ ಅಳತೆಯಷ್ಟು. ಬಾಯಿತಾಳ ಹೇಳುವಾಗ ‘ತಕಿಟ ತಕಧಿಮಿ’ಗೆ ಯಾರೂ ಅರ್ಥ ಕೇಳುವುದಿಲ್ಲವಲ್ಲ.

ಪ್ರಶ್ನೆ: ಒಬ್ಬನೇ ಕಲಾವಿದನ ಹೆಸರು ಒಂದು ಕಡೆ ಒಂದು ರೀತಿ, ಇನ್ನೊಂದು ಕಡೆ ತಿರುಗುಮುರುಗಾಗಿ ಸಿಗುತ್ತದೆ. ಕೆಲವು ಆಲ್ಬಮ್‌ಗಳು ಹುಡುಕಿದರೆ ಸಿಗುವುದೇ ಇಲ್ಲ. ಏನು ಮಾಡಬೇಕು?
– ಪುತ್ತೂರಿನ ಓದುಗರು

ಉತ್ತರ: ಜಪಾನಿನಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ ಬರುತ್ತದೆ, ಹೊರದೇಶಗಳಿಗೆ ಬರೆಯುವಾಗ ಅದನ್ನು ತಿರುಗಿಸುವುದುಂಟು. ಈ ಪುಟದಲ್ಲಿ ನಾನು ಸ್ವಂತ ಹೆಸರನ್ನು ಮೊದಲಿಗೆ ಬರೆದಿದ್ದೇನೆ. ಹುಡುಕುವಾಗ ಎರಡೂ ಕ್ರಮಗಳನ್ನು ಹಾಕಿ ನೋಡಿ. ಅದಕ್ಕೂ ಸಿಗದಿದ್ದರೆ ಕಲಾವಿದರ ಹೆಸರಿನ ಜಪಾನಿ ಲಿಪಿಯ ರೂಪವನ್ನು ಯಾವುದಾದರೂ ಪುಟದಿಂದ ನಕಲಿಸಿಕೊಂಡು ಅದನ್ನೇ ಹುಡುಕುವ ಜಾಗದಲ್ಲಿ ಅಂಟಿಸಿ. ಇಂಗ್ಲಿಷ್ ಅಕ್ಷರದಲ್ಲಿ ಎರಡು ಫಲಿತಾಂಶ ಕೊಟ್ಟ ಜಾಗದಲ್ಲಿಯೇ ಇಪ್ಪತ್ತು ಬರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಈ ತೊಂದರೆ ನನಗೆ ಹಳೆಯ ಪರಿಚಯ. 1980ರ ದಶಕದಲ್ಲಿ ಬಹರೈನಿನಲ್ಲಿ ದುಡಿಯುತ್ತಿದ್ದ ನನ್ನ ಸೋದರಮಾವ ರಜೆಗೆ ಬಂದಾಗ ಟೂ-ಇನ್-ಒನ್ ಒಂದನ್ನು ತಂದಿದ್ದರು. ಅದರೊಳಗೆ ಅವರ ಜೊತೆಯ ಜಪಾನಿ ಇಂಜಿನಿಯರೊಬ್ಬರು ಮನೆಯಲ್ಲೇ ಮುದ್ರಿಸಿ ಕೊಟ್ಟ ಕ್ಯಾಸೆಟ್ ಇತ್ತು. ಚೀಟಿಯ ಮೇಲೆ ನೀಲಿ ಶಾಯಿಯಲ್ಲಿ, ಜಪಾನಿ ಲಿಪಿಯಲ್ಲಿ ಏನೋ ಬರೆದಿತ್ತು. ಓದಬಲ್ಲವರು ನಮ್ಮ ಕೇರಿಯಲ್ಲಿ ಯಾರಿದ್ದಾರೆ? ಹೆಸರಿಲ್ಲದೆಯೇ ಅದನ್ನು ವರ್ಷಗಟ್ಟಲೆ ಕೇಳಿದೆವು. ಸವೆಯುತ್ತಿದೆ ಎಂದು ಪ್ರತಿ ಮಾಡಿಸಲು ಹಂಪನಕಟ್ಟೆಯ ಕಡೆಯ ಅಂಗಡಿಯೊಂದಕ್ಕೆ ಕೊಟ್ಟರೆ, ಅವರು ಖಾಲಿ ಕ್ಯಾಸೆಟ್ ಯಾವುದು, ತುಂಬಿದ್ದು ಯಾವುದು ಎಂದು ನೋಡದೆ ಎರಡನೆಯ ಬದಿಯ ಮೇಲೆ ಸಿನಿಮಾ ಹಾಡುಗಳನ್ನು ಮುದ್ರಿಸಿಬಿಟ್ಟರು. ಉಳಿದ ಒಂದು ಬದಿಯಲ್ಲಿದ್ದ ಬೇಸ್ ಗಿಟಾರಿನ ಒಂದು ತುಣುಕು ತಲೆಯಲ್ಲಿ ಹಾಗೇ ಉಳಿಯಿತು. ಇಪ್ಪತ್ತು ವರ್ಷಗಳಿಗೂ ಮೀರಿ ಕಳೆದ ಮೇಲೆ ಒಂದು ದಿನ ಕ್ಯಾಸಿಯೋಪಿಯಾದ 1981ರ ‘ಕ್ರಾಸ್ ಪಾಯಿಂಟ್’ ಕೇಳುತ್ತಿದ್ದಾಗ ‘ಗ್ಯಾಲಾಕ್ಟಿಕ್ ಫಂಕ್’ನಲ್ಲಿ ಆ ತುಣುಕು ಎದ್ದು ಬಂತು. ಮಾವನಿಗೆ ಫೋನ್ ಮಾಡಿ ಕೇಳಿಸಿದೆ. “ಎರಡನೇ ಬದಿಯದ್ದೂ ಸಿಕ್ಕಿತಾ?” ಎಂದರು. ಅದು ಇನ್ನೂ ಸಿಕ್ಕಿಲ್ಲ.

ಪ್ರಶ್ನೆ: ಮದುವೆ, ಕೋಲ, ದೇವಸ್ಥಾನದ ಉತ್ಸವಗಳಲ್ಲಿ ಸ್ಯಾಕ್ಸೊಫೋನ್ ನುಡಿಸುವವನು ನಾನು. ನೀವು ಹೇಳಿದ ತಂಡದ ವೀಡಿಯೊದಲ್ಲಿ ಕಲಾವಿದರು ಕೊಳವೆಯಂಥ ಬೇರೊಂದು ವಾದ್ಯವನ್ನು ಊದುತ್ತಿದ್ದರು. ಅದೇನು? ನಮ್ಮ ರಾಗಗಳಿಗೆ ಅದು ಒದಗುತ್ತದೆಯೇ?
– ಸ್ಯಾಕ್ಸೊಫೋನ್ ವಾದಕರು, ಬಂಟ್ವಾಳ

ಉತ್ತರ: ಗೋಪಾಲನಾಥರು ಹುಟ್ಟಿದ ತಾಲೂಕಿನಿಂದ ಈ ಪ್ರಶ್ನೆ ಬಂದದ್ದು ಸಂತೋಷ. ನೀವು ನೋಡಿದ ತಂಡ ಟಿ-ಸ್ಕ್ವೇರ್, ಕಲಾವಿದರು ತಕೇಶಿ ಇತೊ, ವಾದ್ಯ ಅಕಾಯ್ ಕಂಪೆನಿಯ ಇ.ಡಬ್ಲ್ಯೂ.ಐ. ಎಂಬ ವಿದ್ಯುನ್ಮಾನ ಸುಷಿರವಾದ್ಯ. 1987ರ ‘ಟ್ರೂಥ್’ ಎಂಬ ರಚನೆಯಲ್ಲಿ ಮೂಲರಾಗವನ್ನು ನುಡಿಸುವುದು ಅದೇ. ಜಪಾನಿನ ಫ್ಯೂಜಿ ಟಿವಿ ಫಾರ್ಮುಲಾ ಒನ್ ಕಾರ್ ಓಟದ ಪ್ರಸಾರಕ್ಕೆ ಅದನ್ನು ಶೀರ್ಷಿಕೆ ಸಂಗೀತವಾಗಿ ಬಳಸಿದ್ದರಿಂದ ಸಂಗೀತದ ಗೊಡವೆಯಿಲ್ಲದವರಿಗೂ ಅಲ್ಲಿ ಆ ಧಾಟಿ ಗೊತ್ತು. ಅದನ್ನು ರಚಿಸಿದ ಗಿಟಾರ್ ವಾದಕ ಮಸಾಹಿರೊ ಆಂಡೊ ‘ಗ್ರಾನ್ ಟುರಿಸ್ಮೊ’ ಎಂಬ ಕಾರ್ ಓಟದ ವೀಡಿಯೊ ಆಟಕ್ಕೂ ಸಂಗೀತ ಕೊಟ್ಟಿದ್ದಾರೆ. ನಿಮ್ಮ ಮನೆಯ ಮಕ್ಕಳನ್ನು ಕೇಳಿ ನೋಡಿ.

ಆ ವಾದ್ಯದಲ್ಲಿ ನಡುಗುವ ರೀಡ್ ಇಲ್ಲ. ಉಸಿರಿನ ಒತ್ತಡವನ್ನು ಅಳೆಯುವ ಸಂವೇದಕ ಇದೆ, ಕೀಲಿಗಳು ಅಲುಗುವುದಿಲ್ಲ, ಬೆರಳು ತಾಗಿದರೆ ಸಾಕು. ಎಡಗೈಯ ಹೆಬ್ಬೆರಳ ಕೆಳಗಿನ ಉರುಳೆಗಳ ಮೇಲೆ ಬೆರಳು ಸರಿಸಿದರೆ ಸ್ಥಾಯಿ ಬದಲಾಗುತ್ತದೆ. ಧ್ವನಿ ಹುಟ್ಟುವುದು ವಿದ್ಯುನ್ಮಾನ ಪೆಟ್ಟಿಗೆಯಲ್ಲಿ. ಬೆರಳು ತಾಗಿದರೂ ಸ್ವರ ಬರುವುದರಿಂದ, ಬಳಕೆಯಿಲ್ಲದ ಸ್ಯಾಕ್ಸೊಫೋನ್ ವಾದಕರಿಗೆ ಮೊದಮೊದಲು ಬೇಡದ ಸ್ವರಗಳೇ ಹೆಚ್ಚು ಕೇಳುತ್ತವೆ. ನಮ್ಮ ಗಮಕಕ್ಕೆ ಬಲಗೈ ಹೆಬ್ಬೆರಳಿನ ಬಳಿ ಸ್ವರವನ್ನು ಬಗ್ಗಿಸುವ ಫಲಕಗಳಿವೆ. ಆದರೆ ತುಟಿಯ ಬಿಗಿತದಿಂದಲೂ ಕೀಲಿಯ ಅರ್ಧ ಒತ್ತಡದಿಂದಲೂ ನೀವು ಈಗ ತೆಗೆಯುವ ಜಾರು ಹೆಬ್ಬೆರಳಿನಿಂದ ಬರಬೇಕಾದರೆ ಹೊಸದಾಗಿ ವರ್ಷಗಟ್ಟಲೆ ಸಾಧನೆ ಬೇಕು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದ ಗೋಪಾಲನಾಥರು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿ 1994ರಲ್ಲಿ ಲಂಡನ್ನಿನ ಬಿ.ಬಿ.ಸಿ. ಪ್ರಾಮ್ಸ್ ಸಂಗೀತೋತ್ಸವದ ವೇದಿಕೆ ತಲುಪುವ ಹೊತ್ತಿಗೆ ದಶಕಗಳೇ ಸಂದಿದ್ದವು. ಇರುವ ವಾದ್ಯವನ್ನು ಮಾರಿ ಇದನ್ನು ಕೊಳ್ಳಬೇಡಿ. ನಿಮ್ಮದೇ ಆಲ್ಟೊ ಸ್ಯಾಕ್ಸೊಫೋನಿನಲ್ಲಿ ಜಪಾನಿ ಫ್ಯೂಶನ್ ಕೇಳಬೇಕೆಂದಿದ್ದರೆ ಸದಾವೊ ವತಾನಾಬೆ ಅವರ 1978ರ ‘ಕ್ಯಾಲಿಫೋರ್ನಿಯಾ ಶವರ್’ ಇದೆ. ಅವರ ಸ್ವರದ ಅಂಚು ಎಷ್ಟು ನಯವೆಂದರೆ, ಬೆಳಗ್ಗಿನ ಮುಹೂರ್ತದ ಮದುವೆಯಲ್ಲೂ ನುಡಿಸಬಹುದು.

ಪ್ರಶ್ನೆ: ಈ ಸಂಗೀತಗಾರರಲ್ಲಿ ಯಾರಾದರೂ ನಮ್ಮ ಕರಾವಳಿಯ ಕಡೆಗೆ ಬಂದದ್ದುಂಟೇ?
– ಉಳ್ಳಾಲದ ಓದುಗರು

ಉತ್ತರ: ತುಳುನಾಡಿಗೆ ಬಂದದ್ದು ನನಗೆ ತಿಳಿದಿಲ್ಲ, ಕೊಚ್ಚಿಯ ಹೆಸರಿಗೆ ಮಾತ್ರ ಒಂದು ನಂಟಿದೆ. ಮೇಲೆ ಹೆಸರಿಸಿದ ಹೊಸೊನೊ ಮತ್ತು ಚಿತ್ರಕಲಾವಿದ ತದಾನೊರಿ ಯೊಕೊ ಭಾರತ ಪ್ರವಾಸ ಮಾಡಿ ಮರಳಿದ ಮೇಲೆ 1978ರಲ್ಲಿ ‘ಕೊಚ್ಚಿನ್ ಮೂನ್’ ಎಂಬ ಆಲ್ಬಮ್ ಹೊರತಂದರು. ಇಲ್ಲದ ಹಿಂದಿ ಚಿತ್ರವೊಂದಕ್ಕೆ ಹಿನ್ನೆಲೆ ಸಂಗೀತ ಎಂಬಂತೆ ಪೂರ್ತಿ ಸಿಂಥಸೈಜರಿನಲ್ಲಿ ಕಟ್ಟಿದ್ದು. ರಚನೆಗಳ ಹೆಸರಿನಲ್ಲಿ ಮಲಬಾರ್ ಹೋಟೆಲ್ ಬರುತ್ತದೆ, ಮದ್ರಾಸು ಬರುತ್ತದೆ, ಒಂದಕ್ಕಂತೂ ‘ಹೆಪಟೈಟಿಸ್’ ಎಂದು ಯಕೃತ್ತಿನ ರೋಗದ ಹೆಸರನ್ನೇ ಇಟ್ಟಿದ್ದಾರೆ. ಪ್ರವಾಸದಲ್ಲಿ ಆರೋಗ್ಯ ಕೆಟ್ಟದ್ದರ ಗುರುತು. ಇದು ಪ್ರೋಗ್ರೆಸಿವ್ ರಾಕೂ ಅಲ್ಲ, ಫ್ಯೂಶನ್ನೂ ಅಲ್ಲ. ಮಳೆಗಾಲದ ರಾತ್ರಿ, ಕಪ್ಪೆಗಳ ವಟವಟದ ಜೊತೆಗೆ ಕೇಳಿದರೆ ಯಾವುದು ಹೊರಗಿನ ಸದ್ದು, ಯಾವುದು ಒಳಗಿನದು ಎಂದು ಗೊತ್ತಾಗುವುದಿಲ್ಲ.

ಪ್ರಶ್ನೆ: ಅಜ್ಜನ ಮನೆಯ ಅಟ್ಟದಲ್ಲಿ ಹಳೆಯ ‘ಬ್ಯಾಂಜೊ’ ಸಿಕ್ಕಿದೆ, ಟೈಪ್‌ರೈಟರಿನಂಥ ಗುಂಡಿಗಳಿರುವ ತಂತಿವಾದ್ಯ. ಇದು ಜಪಾನಿನದು ಎಂದು ಯಾರೋ ಹೇಳಿದರು. ನಿಜವೇ?
– ಕುಂದಾಪುರದ ಓದುಗರು

ಉತ್ತರ: ನಿಜ. 1912ರಲ್ಲಿ ನಗೋಯಾ ನಗರದಲ್ಲಿ ಗೊರೊ ಮೊರಿತಾ ಎಂಬವರು ಟೈಪ್‌ರೈಟರಿನ ಕೀಲಿಗಳನ್ನು ಕಂಡು ರೂಪಿಸಿದ ‘ತಾಯಿಶೊ ಗೊತೊ’ ಎಂಬ ವಾದ್ಯವೇ ನಮ್ಮಲ್ಲಿಗೆ ಬಂದು ಬುಲ್‌ಬುಲ್ ತರಂಗ್ ಆಯಿತು, ಆಡುಮಾತಿನಲ್ಲಿ ಬ್ಯಾಂಜೊ ಆಯಿತು. ಭಜನೆಯ ಮನೆಗಳಲ್ಲಿ, ಆರ್ಕೆಸ್ಟ್ರಾಗಳಲ್ಲಿ ಅದನ್ನು ನುಡಿಸಿದವರಿಗೆ ಅದು ಜಪಾನಿನದೆಂಬ ಯೋಚನೆಯೇ ಇರಲಿಲ್ಲ. ಒಟ್ಟಿನಲ್ಲಿ ನಿಮ್ಮ ಅಟ್ಟಕ್ಕೆ ಜಪಾನಿನ ಸಂಗೀತ ಯೂಟ್ಯೂಬಿಗಿಂತ ಬಹಳ ಮೊದಲೇ ಬಂದು ಕುಳಿತಿತ್ತು.

ತುಕ್ಕು ಹಿಡಿದ ತಂತಿಗಳನ್ನು ತೆಗೆದುಹಾಕಿ ಹೊಸತನ್ನು ಕಟ್ಟಿ. ಗುಂಡಿಗಳ ಕೆಳಗಿನ ಧೂಳನ್ನು ಒಣ ಕುಂಚದಿಂದ ತೆಗೆಯಿರಿ, ಕೊಬ್ಬರಿ ಎಣ್ಣೆ ಮಾತ್ರ ಹಾಕಬೇಡಿ, ಜಿಡ್ಡುಗಟ್ಟಿ ಗುಂಡಿ ಮೇಲೇಳುವುದಿಲ್ಲ. ಶ್ರುತಿ ಮಾಡಿದ ಮೇಲೆ ಷಡ್ಜ, ಶುದ್ಧ ರಿಷಭ, ಶುದ್ಧ ಮಧ್ಯಮ, ಪಂಚಮ, ಶುದ್ಧ ಧೈವತ ಈ ಐದನ್ನೇ ನಿಧಾನವಾಗಿ ಮೇಲೆ ಕೆಳಗೆ ನುಡಿಸಿ ನೋಡಿ. ಉಡುಪಿಯ ಓದುಗರಿಗೆ ಹೇಳಿದ ಮಿಯಾಕೊ ಬುಶಿ ಅದೇ. ಅಜ್ಜ ಬದುಕಿದ್ದರೆ ಯಾವ ಭಜನೆ ಎಂದು ಕೇಳುತ್ತಿದ್ದರೋ ಏನೋ.